ಸಹಾಯ ಬೇಕು: ಪ್ಲಾಸ್ಟಿಕ್ ಕವಚದ ಬಾಗಿದ ಅಂಚು ಕತ್ತರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸಿನಿಮಾದಲ್ಲಿ ಬರುವ ಬಾಹ್ಯಾಕಾಶ ಸೈನಿಕನ ಬಿಳಿ ಕವಚವನ್ನು ಮನೆಯಲ್ಲೇ ಜೋಡಿಸುತ್ತಿದ್ದೇನೆ. ತುಂಡುಗಳೆಲ್ಲ 2 ಮಿ.ಮೀ. ದಪ್ಪದ ಎಬಿಎಸ್ ಪ್ಲಾಸ್ಟಿಕ್. ಹಾಳೆ ಬಿಸಿ ಮಾಡಿ ಅಚ್ಚಿನ ಮೇಲೆ ಎಳೆದು ತೆಗೆದದ್ದು. ಹಾಗಾಗಿ ಪ್ರತಿಯೊಂದರ ಸುತ್ತಲೂ ಬೇಡದ ಅಂಚು ಉಳಿದಿದೆ.

ನೇರ ಗೆರೆಗಳದ್ದು ತೊಂದರೆಯಿಲ್ಲ. ಸ್ಟೀಲ್ ಸ್ಕೇಲ್ ಇಟ್ಟು, ಕಟರ್‌ನಿಂದ ಹಗುರವಾಗಿ ಎರಡು ಮೂರು ಸಲ ಗೀರಿ, ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. ಕಂಕುಳ, ಕುತ್ತಿಗೆಯ ತಿರುವುಗಳಲ್ಲಿ ಈ ಉಪಾಯ ನಡೆಯಲ್ಲ. ಬಗ್ಗಿಸಿದರೆ ಬಿರುಕು ಒಳಕ್ಕೆ ಓಡುತ್ತದೆ. ರೋಟರಿ ಟೂಲ್ ಜೋರಾಗಿ ತಿರುಗಿಸಿದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿಗೇ ಅಂಟುತ್ತದೆ, ಸೀಳಿದ ಜಾಗ ಹಿಂದಿನಿಂದ ಮತ್ತೆ ಕೂಡಿಕೊಳ್ಳುತ್ತದೆ. ವಾಸನೆ ಬೇರೆ! ಮಾಸ್ಕ್ ಇಲ್ಲದೆ ಕೂರೋಕಾಗಲ್ಲ.

ಆಟಿಕೆ ರೇಸ್ ಕಾರಿನ ಬಾಡಿ ಕತ್ತರಿಸುವ ಬಾಗಿದ ಬಾಯಿಯ ಕತ್ತರಿ ಇದಕ್ಕೆ ಸಾಕಾಗುತ್ತಾ? 2 ಮಿ.ಮೀ. ದಪ್ಪ ಅದಕ್ಕೆ ಜಾಸ್ತಿ ಆಗಬಹುದು ಅಂತ ನನ್ನ ಅನುಮಾನ. ಬಳಸಿದವರು ಹೇಳಿ.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ಮುಂಗೈ ತುಂಡಿನ ಎರಡು ಭಾಗಗಳನ್ನು ಅಂಚಿಗೆ ಅಂಚು ಕೂರಿಸಿ, ಮೇಲೆ 15 ಮಿ.ಮೀ. ಅಗಲದ ಪಟ್ಟಿ ಅಂಟಿಸಬೇಕು. ಅಂದರೆ ಪ್ರತಿ ಬದಿಯಲ್ಲೂ ಏಳೂವರೆ ಮಿ.ಮೀ. ಚಪ್ಪಟೆ ಜಾಗ ಬೇಕು, ಅಲ್ವಾ? ಅಷ್ಟು ಬಿಟ್ಟರೆ ನನ್ನ ಸಣಕಲು ಕೈಗೆ ತುಂಬಾ ಸಡಿಲ. ಎರಡೂ ಬದಿ ಸಮನಾಗಿ ಕಡಿಮೆ ಮಾಡಿ ಸಣ್ಣ ಪಟ್ಟಿ ಹಾಕಲಾ, ಅಥವಾ ಒಳಗೆ ಫೋಮ್ ತುಂಬಿಸಲಾ? ಮಣಿಕಟ್ಟಿನ ಹತ್ತಿರ ಒಳಕ್ಕೆ ಮಡಚಿದ ಅಂಚನ್ನು ಉಳಿಸಿದರೆ ನೋಡೋಕೆ ದಪ್ಪ ಕಾಣುತ್ತದೆ, ಆದರೆ ಕೈ ತೂರಿಸುವಾಗ ಕೆರೆಯುತ್ತದೆ.

ಗಮ್ ಇನ್ನೂ ಹಾಕಿಲ್ಲ, ಮಾಸ್ಕಿಂಗ್ ಟೇಪಿನಲ್ಲೇ ನಿಂತಿದೆ. ನಿಮ್ಮ ಕವಚದ ಒಳಬದಿಯ ಫೋಟೋ ಇದ್ದರೆ ದಯವಿಟ್ಟು ಹಾಕಿ.