ಕಬ್ಬಿನ ತಳಿ ಆಯ್ಕೆಯಲ್ಲಿ ಜಲ್ಲೆ ಸಂಖ್ಯೆ ನೋಡಬೇಕಾ, ದಪ್ಪ ನೋಡಬೇಕಾ?

ಕೂಳೆಗಬ್ಬು:
ತಳಿ ಅಭಿವೃದ್ಧಿ ಓದುತ್ತಿದ್ದೇನೆ, ಇದು ನನ್ನ ಮೊದಲ ಪ್ರಯೋಗ. ಬೀಜದಿಂದ ಎಬ್ಬಿಸಿದ ಸಸಿಗಳ ತಾಕಿನಲ್ಲಿ ಒಂದೊಂದು ಬುಡದ ಜಲ್ಲೆ ಎಣಿಸಿ, ಎತ್ತರ, ದಪ್ಪ, ತೂಕ, ಬ್ರಿಕ್ಸ್ (ರಸದ ಸಿಹಿಯ ಅಳತೆ) ಎಲ್ಲ ಬರೆದುಕೊಂಡಿದ್ದೇನೆ. ಇಳುವರಿಗೆ ಜಲ್ಲೆ ಸಂಖ್ಯೆಯ ನಂಟೇ ಜಾಸ್ತಿ ಕಾಣುತ್ತಿದೆ. ಆದರೆ ಜಲ್ಲೆ ಜಾಸ್ತಿ ಇರುವ ಬುಡಗಳು ಹೆಚ್ಚಾಗಿ ತೆಳ್ಳಗಿವೆ. ಆಯ್ಕೆ ಮಾಡುವಾಗ ಯಾವುದನ್ನು ಹಿಡಿಯಲಿ?

ಸೂಲಂಗಿ:
ಲೆಕ್ಕ ಹಾಕಿ ನೋಡಿ. ಹೆಕ್ಟೇರಿಗೆ 1 ಲಕ್ಷ ಜಲ್ಲೆ, ಒಂದೊಂದು 1 ಕಿಲೋ ಅಂದರೆ 100 ಟನ್. 80 ಸಾವಿರ ಜಲ್ಲೆ, ಒಂದೊಂದು 1.25 ಕಿಲೋ ಇದ್ದರೂ ಅದೇ 100 ಟನ್. ದಪ್ಪವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎತ್ತರ ಅಷ್ಟೇ ಇದ್ದು 2.5 ಸೆಂ.ಮೀ. ಜಲ್ಲೆ 3 ಸೆಂ.ಮೀ. ಆದರೆ ಗಾತ್ರ 44% ಹೆಚ್ಚುತ್ತದೆ. ಒಳಗೆ ಬೆಂಡು ಇದ್ದರೆ ಮಾತ್ರ ತೂಕ ಅಷ್ಟು ಬರುವುದಿಲ್ಲ, ಅಡ್ಡ ಸೀಳಿ ನೋಡಿ.

ಈ ಎರಡು ಗುಣಗಳ ಜಗಳ ಕಬ್ಬಿನ ಹುಟ್ಟಿನಲ್ಲೇ ಇದೆ. ದಪ್ಪ ಮತ್ತು ಸಿಹಿ ಬಂದದ್ದು ಸಾಗುವಳಿ ಕಬ್ಬಿನ ಜಾತಿ ಸ್ಯಾಕರಮ್ ಅಫಿಸಿನೇರಮ್ ಕಡೆಯಿಂದ. ಜಾಸ್ತಿ ಮರಿ (ಬುಡದಿಂದ ಏಳುವ ಚಿಗುರು) ಒಡೆಯುವುದು, ಕಟಾವಾದ ಬುಡದಿಂದಲೇ ಕೂಳೆಯಾಗಿ ಮತ್ತೆ ಚಿಗುರುವುದು, ರೋಗ ತಡೆಯುವುದು ಕಾಡು ಕಬ್ಬು ಸ್ಪಾಂಟೇನಿಯಮ್ ಕಡೆಯಿಂದ. 1918ರಲ್ಲಿ ಕೊಯಮತ್ತೂರಿನಿಂದ ಬಂದ ಕೋ 205 ತಳಿ ಈ ಎರಡರ ನೇರ ಸಂಕರ. ಮರಿಯ ಜೊತೆ ತೆಳ್ಳಗಿನ ಜಲ್ಲೆಯೂ ಅದೇ ಕಾಡು ಕಬ್ಬಿನಿಂದ ಬರುತ್ತದೆ, ಹಾಗಾಗಿ ನಿಮ್ಮ ತಾಕಿನಲ್ಲಿ ಕಂಡದ್ದು ಸಹಜ.

ಗಣ್ಣು:
ಲೆಕ್ಕ ಸರಿ, ಆದರೆ ಮೊದಲ ಹಂತದಲ್ಲಿ ಅದನ್ನು ನಂಬಿ ಆರಿಸಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಒಂದೇ ಬುಡದ ತೂಕ ಮೋಸ ಮಾಡುತ್ತದೆ. ಪಕ್ಕದ ಸಸಿ ಸತ್ತಿದ್ದರೆ ಇದಕ್ಕೆ ಜಾಗ, ಬೆಳಕು, ನೀರು ಎಲ್ಲ ಜಾಸ್ತಿ ಸಿಕ್ಕಿ ಮರಿ ದಂಡಿಯಾಗಿ ಬಂದಿರುತ್ತದೆ, ಅದು ತಳಿಯ ಗುಣ ಅಲ್ಲವೇ ಅಲ್ಲ. ಬ್ರಿಕ್ಸ್ ಮತ್ತು ದಪ್ಪ ಹಾಗಲ್ಲ, ಇವುಗಳಲ್ಲಿ ವಂಶದ ಪಾಲು ಜಾಸ್ತಿ, ಒಂದು ಬುಡದಲ್ಲೂ ಸುಮಾರಾಗಿ ನಂಬಬಹುದು. ಈಗ ಅವೆರಡನ್ನು ನೋಡಿ, ತೀರಾ ಕಡಿಮೆ ಜಲ್ಲೆ ಇರುವುದನ್ನು ಮಾತ್ರ ಬಿಡಿ. ಸಂಖ್ಯೆಯ ತೀರ್ಮಾನ ಮುಂದಿನ ಹಂತಕ್ಕೆ, ಒಂದೇ ತಳಿಯನ್ನು ಹಲವು ಸಾಲಿನ ಮಡಿಗಳಲ್ಲಿ ನೆಟ್ಟಾಗ. ಸಾಧ್ಯವಾದರೆ ಒಂದೇ ತಂದೆ ತಾಯಿಯ ಸಸಿಗಳನ್ನು ಗುಂಪಾಗಿ ತೂಗಿ. ಇಡೀ ಕುಟುಂಬದ ಸರಾಸರಿ ಒಂಟಿ ಬುಡಕ್ಕಿಂತ ಎಷ್ಟೋ ಗಟ್ಟಿ ಅಂಕಿ.

ಇನ್ನೊಂದು ವಿಷಯ, ಜಲ್ಲೆಗಳನ್ನು ಯಾವಾಗ ಎಣಿಸಿದಿರಿ?

ಕೂಳೆಗಬ್ಬು:
ನಾಲ್ಕು ತಿಂಗಳಿಗೆ ಎಣಿಸಿದ್ದು. ಕಟಾವಿನಲ್ಲಿ ತೂಕ ಮಾತ್ರ ಮಾಡಿದೆ. ನಡುವೆ ಖಾಲಿ ಬಿದ್ದ ಜಾಗಗಳೂ ಇವೆ, ಯಾವ ಬುಡದ ಪಕ್ಕ ಅಂತ ಬರೆದಿಲ್ಲ 😟

ಗಣ್ಣು:
ಹಾಗಾದರೆ ನೀವು ಎಣಿಸಿದ್ದು ಮರಿಗಳನ್ನು, ಜಲ್ಲೆಗಳನ್ನಲ್ಲ. ಒಡೆದ ಮರಿಗಳಲ್ಲಿ ಅರ್ಧದಷ್ಟು ನೆರಳಿಗೆ ಸಿಕ್ಕಿ ಸಾಯುವುದು ಮಾಮೂಲಿ. ಕಟಾವಿಗೆ ಉಳಿದು ಅರೆಯಲು ಬರುವ ಜಲ್ಲೆಯೇ ಇಳುವರಿ. ಮರಿ ಕಡಿಮೆ ಒಡೆದರೂ ಹೆಚ್ಚಿನದನ್ನು ಉಳಿಸಿಕೊಳ್ಳುವ ತಳಿಗಳಿವೆ, ನಾನು ಹುಡುಕುವುದು ಅಂಥದ್ದನ್ನೇ.

ಸೂಲಂಗಿ:
ಇದು ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆ ಬುಡಗಳನ್ನು ಅಗೆಯಬೇಡಿ, ಕೂಳೆ ಬಿಡಿ. ಕಟಾವಿನ ಮುಂಚೆ ಎಣಿಸಿ. ಮೊದಲ ಬೆಳೆಯಲ್ಲಿ ಚೆನ್ನಾಗಿದ್ದು ಕೂಳೆಯಲ್ಲಿ ಚಿಗುರದ ದಪ್ಪ ಕಬ್ಬುಗಳು ಆಗಲೇ ಗೊತ್ತಾಗಿಬಿಡುತ್ತವೆ.

ಕೂಳೆಗಬ್ಬು:
ಕೂಳೆ ಬಿಡುತ್ತೇನೆ. ನಾಳೆಯೇ ಹೋಗಿ ಖಾಲಿ ಜಾಗಗಳ ನಕ್ಷೆ ಮಾಡಿಕೊಳ್ಳುತ್ತೇನೆ, ಬುಡಗಳು ಇನ್ನೂ ಗುರುತು ಸಿಗುತ್ತವೆ.