ಒಂದೇ ಲಕೋಟೆಯಲ್ಲಿ ಹಲವು ಹೆಗಡೆಯವರು: ಹಳೆಯ ಪತ್ರಿಕಾ ತುಣುಕುಗಳನ್ನು ಬೇರ್ಪಡಿಸುವುದು ಹೇಗೆ?

ಪ್ರಶ್ನೆ – ತುಣುಕು ಸಂಗ್ರಾಹಕ

ನಮ್ಮ ತಂದೆಯವರು 1973ರಿಂದ 2011ರವರೆಗೆ ಕತ್ತರಿಸಿಟ್ಟ ಪತ್ರಿಕಾ ತುಣುಕುಗಳನ್ನು ಜೋಡಿಸುತ್ತಿದ್ದೇನೆ. ಒಂದು ದಪ್ಪ ಕಂದು ಲಕೋಟೆಯ ಮೇಲೆ ನೀಲಿ ಶಾಯಿಯಲ್ಲಿ ‘ಹೆಗಡೆ’ ಎಂದಷ್ಟೇ ಬರೆದಿದ್ದಾರೆ. ಒಳಗೆ ಕನ್ನಡದವೂ ಇಂಗ್ಲಿಷಿನವೂ ಬೆರೆತಿವೆ. ಗುಂಡುಸೂಜಿಗೆ ತುಕ್ಕು ಹಿಡಿದು ಹಾಳೆಗಳ ಮೂಲೆ ಉದುರಿದೆ, ಅದರೊಂದಿಗೆ ದಿನಾಂಕವೂ ಹೋಗಿದೆ. ಒಂದರಲ್ಲಿ ಹೆಗಡೆಯವರು ನ್ಯಾಯಮೂರ್ತಿ, ಇನ್ನೊಂದರಲ್ಲಿ ಲೋಕಸಭೆಯ ಸ್ಪೀಕರ್, ಮತ್ತೊಂದರಲ್ಲಿ ಮುಖ್ಯಮಂತ್ರಿ, ಮಗದೊಂದರಲ್ಲಿ ಲೋಕಾಯುಕ್ತರು. ಇವರೆಲ್ಲ ಒಂದೇ ಮನೆತನದವರೆಂದು ನಮ್ಮ ಮನೆಯಲ್ಲಿ ನಂಬಿದ್ದಾರೆ. ಅದು ನಿಜವೇ?

ಉತ್ತರ – ಕರಾವಳಿಯ ಓದುಗ

ಅರ್ಧ ನಿಜ. ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಮತ್ತು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ತಂದೆ-ಮಗ. ಕಾರ್ಕಳದ ಕಡೆಯ ಬಂಟರು. ರಾಮಕೃಷ್ಣ ಹೆಗಡೆಯವರು ಉತ್ತರ ಕನ್ನಡದ ಸಿದ್ದಾಪುರದ ಹವ್ಯಕರು. ಅವರಿಗೂ ಇವರಿಗೂ ಬಂಧುತ್ವವಿಲ್ಲ.

ಗೊಂದಲಕ್ಕೆ ಕಾರಣವೂ ಇದೆ. 1973ರಲ್ಲಿ ಸುಪ್ರೀಂ ಕೋರ್ಟಿನ ಕೇಶವಾನಂದ ಭಾರತಿ ತೀರ್ಪಿನ ಬೆನ್ನಿಗೇ, ಸೇವೆಯಲ್ಲಿ ಹಿರಿಯರಾದ ಮೂವರನ್ನು ಬಿಟ್ಟು ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಎ.ಎನ್. ರೇ ಅವರನ್ನು ನೇಮಿಸಿದಾಗ ರಾಜೀನಾಮೆ ಕೊಟ್ಟ ಆ ಮೂವರಲ್ಲಿ ಕೆ.ಎಸ್. ಹೆಗ್ಡೆ ಒಬ್ಬರು. ಅವರು 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು, ಅದೇ ವರ್ಷದ ಜುಲೈನಿಂದ 1980ರ ಜನವರಿಯವರೆಗೆ ಸ್ಪೀಕರ್ ಆಗಿದ್ದರು. ಅದೇ ಪಕ್ಷದ ರಾಮಕೃಷ್ಣ ಹೆಗಡೆ 1978ರಲ್ಲಿ ರಾಜ್ಯಸಭೆಗೆ ಬಂದರು, 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದರು. ಅವರ ಸರ್ಕಾರವಿದ್ದಾಗ, 1984ರಿಂದ 1988ರವರೆಗೆ, ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದವರು ಸಂತೋಷ್ ಹೆಗ್ಡೆ! ಲೋಕಾಯುಕ್ತ ಕಾಯ್ದೆಯನ್ನು ತಂದದ್ದು ಆ ಸರ್ಕಾರ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟ ಲೋಕಾಯುಕ್ತರು ಈ ಸಂತೋಷ್ ಹೆಗ್ಡೆ. ಆದ್ದರಿಂದ ‘ಲೋಕಾಯುಕ್ತ’ ಎಂಬ ಪದ ಕಂಡ ಮಾತ್ರಕ್ಕೆ ತುಣುಕು ಯಾರದೆಂದು ತೀರ್ಮಾನಿಸಬೇಡಿ.

ಉತ್ತರ – ಕರಡು ತಿದ್ದುವವ

ಕನ್ನಡ ತುಣುಕುಗಳಲ್ಲಿ ಮೊದಲು ಕಾಗುಣಿತ ನೋಡಿ. ಘಟ್ಟದ ಮೇಲಿನ ಹವ್ಯಕರು ಸಾಮಾನ್ಯವಾಗಿ ‘ಹೆಗಡೆ’ ಎಂದೂ, ದಕ್ಷಿಣ ಕನ್ನಡ-ಉಡುಪಿಯ ಬಂಟರು ‘ಹೆಗ್ಡೆ’ ಎಂದೂ ಬರೆಯುತ್ತಾರೆ, ಧರ್ಮಸ್ಥಳದವರದು ‘ಹೆಗ್ಗಡೆ’. ಮೂರಕ್ಕೂ ಮೂಲ ಶಾಸನಗಳ ‘ಪೆರ್ಗಡೆ’. ಹಳಗನ್ನಡದ ಪಾಲು ಹಾಲಾದಂತೆ ಪೆರ್ಗಡೆಯೂ ಹೆಗ್ಗಡೆಯಾಯಿತು. ಅದು ಅಧಿಕಾರಿಯ ಹುದ್ದೆಯ ಹೆಸರು. ಸುಂಕ ವಸೂಲಿಗೂ ಪ್ರತ್ಯೇಕ ಹೆಗ್ಗಡೆಗಳಿದ್ದರು. ಹುದ್ದೆಗೆ ಕುಲವಿರಲಿಲ್ಲವಾದ್ದರಿಂದ ಅದನ್ನು ಹೊತ್ತ ಬೇರೆ ಬೇರೆ ಮನೆಗಳಲ್ಲಿ ಅದೇ ಅಡ್ಡಹೆಸರಾಗಿ ಉಳಿಯಿತು. ಆದರೂ ಅವಸರದಲ್ಲಿ ಡೆಸ್ಕಿನವರು ಎಲ್ಲರಿಗೂ ಒಂದೇ ಕಾಗುಣಿತ ಹಾಕುವುದುಂಟು (ನಾನೇ ಹಾಕಿದ್ದೇನೆ), ಮತ್ತು ಇಂಗ್ಲಿಷಿನಲ್ಲಿ ‘ಹೆಗಡೆ’ಗೂ ‘ಹೆಗ್ಡೆ’ಗೂ ಇರುವುದು ಬಹುಮಟ್ಟಿಗೆ ಒಂದೇ ಐದಕ್ಷರ. ಇನಿಷಿಯಲ್ ಕೂಡ ಮೋಸ ಮಾಡಬಲ್ಲದು: ತಂದೆಯ ‘ಕೆ’ ಕೌಡೂರಿನದು, ಮಗನ ‘ಎನ್’ ನಿಟ್ಟೆಯದು. ಇನಿಷಿಯಲ್ ನಂಬಿದ್ದರೆ ತಂದೆ-ಮಗನನ್ನೇ ಬೇರೆ ಮನೆಯವರೆಂದುಕೊಳ್ಳುತ್ತಿದ್ದಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಒಂದನ್ನು ಬಿಟ್ಟು ಉಳಿದೆಲ್ಲ ಬೇರ್ಪಟ್ಟವು. ಆ ಒಂದು ಬೆರಳಗಲದ ಇಂಗ್ಲಿಷ್ ತುಣುಕು. ‘ಶ್ರೀ ಹೆಗಡೆ ಸದನಕ್ಕೆ ತಿಳಿಸಿದರು’ ಎಂಬರ್ಥದ ಸಾಲಿದೆ, ಮುಂದಿನದು ಹರಿದಿದೆ. ಯಾವ ಸದನವೆಂದು ತಿಳಿಯುವಂತಿಲ್ಲ.

ಉತ್ತರ – ಕರಡು ತಿದ್ದುವವ

ಮಗುಚಿ ನೋಡಿ. ತುಣುಕಿನ ಬೆನ್ನಿಗೆ ಯಾರೂ ಕತ್ತರಿಸದೆ ಬಂದ ಸುದ್ದಿಯೊಂದು ಇದ್ದೇ ಇರುತ್ತದೆ.

ಪ್ರಶ್ನೆ ಕೇಳಿದವರು

ನೋಡಿದೆ. ಹಿಂಬದಿಯಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬಿದ್ದ ಸುದ್ದಿಯ ನಾಲ್ಕು ಸಾಲುಗಳಿವೆ. ಅಂದರೆ 1979ರ ಜುಲೈ. ಮುಖ್ಯಮಂತ್ರಿಯ ಮಾತಂತೂ ಅಲ್ಲ.

ಉತ್ತರ – ಕರಾವಳಿಯ ಓದುಗ

ಆದರೆ ಆಗ ಒಬ್ಬರು ಸ್ಪೀಕರ್ ಪೀಠದಲ್ಲಿ, ಇನ್ನೊಬ್ಬರು ರಾಜ್ಯಸಭೆಯಲ್ಲಿ. ಸ್ಪೀಕರ್ ಆಗಿದ್ದರೆ ಹುದ್ದೆಯ ಹೆಸರು ಹಿಂದಿನ ಸಾಲಿನಲ್ಲಿದ್ದಿರಬಹುದು. ಆ ಸಾಲು ನಿಮ್ಮಲ್ಲಿಲ್ಲವಲ್ಲ.

ಪ್ರಶ್ನೆ ಕೇಳಿದವರು

ಇಲ್ಲ. ಅದಕ್ಕೊಂದು ಬೇರೆ ಲಕೋಟೆ ಮಾಡಿ, ಎರಡೂ ಕಾಗುಣಿತಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.