ಇಂದ್ರಗೋಪ: ಮಿಂಚುಹುಳುವೋ, ಮಳೆಗೆ ಮೇಲೇಳುವ ಕೆಂಪು ಹುಳವೋ?

ಅರಸೀಕೆರೆ, ಬಾಣಾವರ, ಕಡೂರು ಕಡೆ ಮುಂಗಾರಿನ ಹದಮಳೆ ಬಿದ್ದ ಮಾರನೇ ಬೆಳಿಗ್ಗೆ ಹೊಲದ ಬದುವಿನ ಮೇಲೆ ನಡೆದು ಹೋಗುವಾಗ ಕಡುಗೆಂಪು ಹುಳುವೊಂದು ಕಣ್ಣಿಗೆ ಬೀಳುತ್ತದೆ. ಗುಲಗಂಜಿಯಷ್ಟು ಗಾತ್ರ, ಮೈತುಂಬ ಮಖಮಲ್ಲಿನಂಥ ನವಿರು ರೋಮ. ಬೆರಳು ತಾಕಿದರೆ ಕಾಲುಗಳನ್ನು ಒಳಕ್ಕೆಳೆದುಕೊಂಡು ಅಲುಗದೆ ಕೂರುತ್ತದೆ, ತುಸು ಹೊತ್ತಿಗೆ ಮತ್ತೆ ಹೊರಡುತ್ತದೆ. ಕಾಲು ಎಂಟು, ಜೇಡ, ಉಣ್ಣೆಗಳ ಬಳಗದ್ದು. ವರ್ಷದ ಬಹುಕಾಲ ಮಣ್ಣಿನೊಳಗಿದ್ದು, ನೆಲ ನೆನೆದಾಗ ಮಾತ್ರ ಮೇಲೆ ಬರುತ್ತದೆ.

ಹಳೆಯ ಕಾವ್ಯಗಳ ಮಳೆಗಾಲದ ವರ್ಣನೆಯಲ್ಲಿ ಬರುವ ‘ಇಂದ್ರಗೋಪ’ ಇದೇ ಎಂಬುದು ನನ್ನ ಗಟ್ಟಿ ನಂಬಿಕೆ. ಆದರೆ ಮಿಂಚುಹುಳು ಎಂದು ಅರ್ಥ ಹೇಳುವವರಿದ್ದಾರೆ. ಮೋನಿಯರ್ ವಿಲಿಯಮ್ಸ್ ಸಂಸ್ಕೃತ ನಿಘಂಟು ಕಾಚಿನೀಲ್ ಹುಳು, ಮಿಂಚುಹುಳು ಎಂದು ಎರಡು ಅರ್ಥ ಕೊಡುತ್ತದೆ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಕಾಚಿನೀಲ್ ಪಾಪಸುಕಳ್ಳಿಯ ರಸ ಹೀರಿ ಬದುಕುವ ಅಮೆರಿಕ ಖಂಡದ ಹುಳು. ನಮ್ಮ ನೆಲಕ್ಕೆ ಬಂದದ್ದೇ 18ನೇ ಶತಮಾನದ ಕೊನೆಗೆ. ಇನ್ನು ಮಿಂಚುಹುಳು. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಎಳೆಯ ಇಂದ್ರಗೋಪಗಳು ಚಿತ್ತಾರ ಬರೆದ ಹೊಸ ಹುಲ್ಲಿನ ನೆಲವನ್ನು, ಅರಗಿನ ಕೆಂಪು ಹನಿಸಿದ ಗಿಳಿಹಸಿರು ಕಂಬಳಿ ಹೊದ್ದ ಹೆಣ್ಣಿಗೆ ಹೋಲಿಸಿದ್ದಾರೆ. ಹಸಿರ ನಡುವೆ ಕೆಂಪು, ಅದೂ ನೆಲದ ಮೇಲೆ, ಹಗಲು ಬೆಳಕಿನಲ್ಲಿ! ಸಕಲೇಶಪುರದ ಕಡೆ ಮಳೆ ಹಿಡಿಯುವ ಮುಂಚೆ ಇರುಳಲ್ಲಿ ಮರದ ತುಂಬ ಮಿಣುಕುವ ಹಳದಿ-ಹಸಿರು ಬೆಳಕನ್ನು ಕಂಡವರು ಅದನ್ನು ಈ ಚಿತ್ರದೊಳಗೆ ಹೇಗೆ ಕೂರಿಸುತ್ತಾರೆ? ಇಂದ್ರನನ್ನು ಕಾವಲಾಗಿ ಉಳ್ಳದ್ದು ಎಂಬ ಪದದ ಬಿಡಿಸಿಕೆಯೂ ಮಳೆಯನ್ನೇ ನೆಚ್ಚಿ ಮೇಲೇಳುವ ಜೀವಿಗೆ ಸರಿಹೊಂದುತ್ತದೆ.

ಕಾವ್ಯದ ಮಾತು ಹಾಗಿರಲಿ, ನನಗೆ ಮುಖ್ಯವಾಗಿ ಬೇಕಿರುವುದು ಆಡುಮಾತಿನ ಹೆಸರು. ತೆಲುಗಿನಲ್ಲಿ ಇದು ಆರುದ್ರ ಪುರುಗು. ಮರಾಠಿಯಲ್ಲಿ ಮೃಗಾಚಾ ಕಿಡಾ. ಎರಡೂ ಮಳೆ ನಕ್ಷತ್ರದ ಹೆಸರು ಹೊತ್ತಿವೆ: ಜೂನ್ ಎರಡನೇ ವಾರದ ಹೊತ್ತಿಗೆ ಹುಟ್ಟುವ ಮೃಗಶಿರಾ, ಅದರ ಬೆನ್ನಿಗೆ ಆರಿದ್ರಾ. ‘ಆರಿದ್ರಾ ಮಳೆ ಆರದೆ ಹುಯ್ಯುತ್ತೆ’ ಎನ್ನುವ ನಮ್ಮ ರೈತರೂ ಬಿತ್ತನೆಗೆ ಇದೇ ಲೆಕ್ಕ ಹಿಡಿಯುತ್ತಾರೆ. ಹಾಗಿದ್ದೂ ನಮ್ಮ ಕಡೆ ನನಗೆ ಸಿಕ್ಕಿರುವುದು ಬರೀ ‘ಮಳೆಹುಳ’. ಅದು ಸಾಲದು, ಹುತ್ತದಿಂದ ರೆಕ್ಕೆ ಬಿಚ್ಚಿ ಏಳುವ ಈಸಲಿಗೂ ಮಳೆಹುಳ ಅಂತಲೇ ಅನ್ನುತ್ತಾರೆ. ಮಕ್ಕಳಿಗೆ ಬದುವಿನ ಮೇಲೆ ತೋರಿಸಿ ಹೇಳುವಾಗ ಇದಕ್ಕೇ ಮೀಸಲಾದ ಹೆಸರು ಬೇಕಾಗುತ್ತದೆ. ಸದ್ಯಕ್ಕೆ ನಾನು ಇಂದ್ರಗೋಪ ಅಂತಲೇ ಹೇಳಿಕೊಡುತ್ತಿದ್ದೇನೆ.

ಬಯಲು ಸೀಮೆಯ ಹಿರಿಯರು, ಕುರಿ ಕಾಯುವವರು ಇದನ್ನು ಏನೆಂದು ಕರೆಯುತ್ತಾರೆ? ಮೃಗಶಿರಾ ಅಥವಾ ಆರಿದ್ರಾ ಸೇರಿಸಿ ಹೇಳುವುದನ್ನು ಯಾರಾದರೂ ಕೇಳಿದ್ದೀರಾ? ಹಳಗನ್ನಡದಲ್ಲಿ ಇಂದ್ರಗೋಪ ಬಂದಿರುವ ಪದ್ಯ ನೆನಪಿದ್ದರೆ, ಅಲ್ಲಿ ಅದರ ಬಣ್ಣವನ್ನೋ ಬೆಳಕನ್ನೋ ಹೇಳಿದೆಯೇ ಎಂಬುದನ್ನೂ ತಿಳಿಸಿ.